ಸುಗಂಧರಾಜದ ಸಾಲಿಗೆ ಹುಲ್ಲಿನ ಔಷಧಿ

ಸುಗಂಧರಾಜದ ಎಲೆ ನೋಡಲು ಹುಲ್ಲೇ. ಆದರೆ ಗಿಡ ಹುಲ್ಲಿನ ಕುಲದ್ದಲ್ಲ. ಹುಲ್ಲು ಕೊಲ್ಲುವ ಔಷಧಿಯಾದ ಕ್ವಿಜಾಲೊಫಾಪ್ ಈಥೈಲ್ 5% ಇಸಿ (ನೀರಿಗೆ ಬೆರೆಸುವ ದ್ರವ) ಕೆಡಿಸುವುದು ಹುಲ್ಲು ತನ್ನ ಕೊಬ್ಬು ತಯಾರಿಸಿಕೊಳ್ಳುವ ಕಿಣ್ವವನ್ನು. ಬೇರೆ ಕುಲದ ಗಿಡಗಳಲ್ಲಿ ಆ ಕಿಣ್ವ ಈ ಔಷಧಿಗೆ ಜಗ್ಗುವುದಿಲ್ಲ. ಗ್ಲಾಡಿಯೋಲಸ್, ಐರಿಸ್ ತಾಳಿಕೊಳ್ಳುವುದೂ ಹೀಗೆಯೇ.

ಎಕರೆಗೆ 400 ಮಿ.ಲೀ., 200 ಲೀಟರ್ ನೀರು. 16 ಲೀಟರಿನ ಸಿಂಪಡಿಸುವ ಕ್ಯಾನಿಗೆ 32 ಮಿ.ಲೀ. ಆಯಿತು. ಹುಲ್ಲಿಗೆ ಮೂರರಿಂದ ಐದು ಎಲೆ ಇರುವಾಗ ಹೊಡೆಯಿರಿ, ಹಿಂದಿನ ದಿನ ನೀರು ಹಾಯಿಸಿರಿ. ಕೋಲಾರದ ಬಿಸಿಲಿಗೆ ಬಾಡಿ ನಿಂತ ಹುಲ್ಲು ಔಷಧಿ ಎಳೆದುಕೊಳ್ಳುವುದಿಲ್ಲ, ದುಡ್ಡು ದಂಡ. ಈ ಔಷಧಿಯ ಲೇಬಲ್ಲಿನಲ್ಲಿ ಇರುವುದು ಸೋಯಾ, ಶೇಂಗಾದಂಥ ಬೆಳೆಗಳು. ಆದ್ದರಿಂದ ಮೊದಲು ಒಂದೇ ಸಾಲಿಗೆ ಹೊಡೆದು 15 ದಿನ ಕಾಯಿರಿ. ಹೂ ಕಿತ್ತ ಮೇಲೆಯೇ ಹೊಡೆಯಿರಿ, ಹೂಕಡ್ಡಿಗೆ ತಾಗಿಸಬೇಡಿ.

ಎರಡು ಮೂರು ದಿನಕ್ಕೆ ಹುಲ್ಲು ಹಸಿರಾಗಿಯೇ ಇರುತ್ತದೆ. ಕೆಲಸ ಆಗಿಲ್ಲವೆಂದು ಮತ್ತೊಂದು ಕ್ಯಾನು ಹೊಡೆಯಬೇಡಿ. ವಾರ ಬಿಟ್ಟು ಸುಳಿ ಹಿಡಿದು ಎಳೆಯಿರಿ: ಸಲೀಸಾಗಿ ಕಿತ್ತು ಬಂದು, ಬುಡ ಕಂದಾಗಿ ಕೊಳೆತಿದ್ದರೆ ಔಷಧಿ ಹಿಡಿದಿದೆ. ಗರಿಕೆ ಮತ್ತೆ ಚಿಗುರಬಹುದು. ಜೇಕು ಜಪ್ಪಯ್ಯ ಎನ್ನುವುದಿಲ್ಲ, ಅದೂ ಹುಲ್ಲಿನ ಕುಲದ್ದಲ್ಲ. ಕಾಂಗ್ರೆಸ್ ಗಿಡ, ಗೋಣಿಸೊಪ್ಪು ಕೈಯಲ್ಲೇ ಕೀಳಬೇಕು.

ಗ್ಲೈಫೋಸೇಟ್ ಎಂಬ ಕಳೆ ಔಷಧಿಯ ವಿಷಯ ಬೇರೆ. ಅದು ಹಸಿರು ಕಂಡಲ್ಲೆಲ್ಲ ಇಳಿಯುತ್ತದೆ. ಎಲೆಯ ಮೇಣದ ಮೇಲೆ ಹನಿ ಜಾರಿ ಗಿಡಕ್ಕೇನೂ ಆಗಿಲ್ಲ ಎನ್ನಿಸಬಹುದು, ಆದರೆ ಅಂಟಿಕೊಂಡಷ್ಟು ಗೆಡ್ಡೆಗೆ ಸೇರುತ್ತದೆ. ಆಮೇಲೆ ಬರುವ ಚಿಗುರು ಸಣ್ಣಗೆ, ಬಿಳಿಚಿಕೊಂಡು, ಗುಂಪುಗುಂಪಾಗಿ ಮೂಡುತ್ತದೆ. ಗ್ಲೈಫೋಸೇಟನ್ನು ಸಾಲಿನ ನಡುವೆ ಹುಡ್ (ಹನಿ ಆಚೀಚೆ ಹಾರದಂತೆ ನಳಿಕೆಗೆ ಹಾಕುವ ಮುಚ್ಚಳ) ಕಟ್ಟಿಕೊಂಡು ಕೂಡ ಹೊಡೆಯದಿರುವುದೇ ಲೇಸು.

ಅಗಲ ಎಲೆಯ ಕಳೆಗೆ ಹೊಡೆಯುವ 2,4-ಡಿಯನ್ನು ತೋಟದ ಹತ್ತಿರಕ್ಕೇ ತರಬೇಡಿ. ಕ್ವಿಜಾಲೊಫಾಪ್ ಜೊತೆ ಬೆರೆಸಿದರೆ ಹುಲ್ಲು ಸಾಯುವುದೂ ಕಡಿಮೆಯಾಗುತ್ತದೆ. ಚಿಕ್ಕಬಳ್ಳಾಪುರದಲ್ಲಿ ಪಕ್ಕದ ಹೊಲ ದ್ರಾಕ್ಷಿಯದೋ ಟೊಮೆಟೊದೋ ಆಗಿದ್ದರೆ ಗಾಳಿಯಲ್ಲಿ ಹೋದ ಸ್ವಲ್ಪವೂ ಸಾಕು, ದ್ರಾಕ್ಷಿ ಎಲೆ ಬೀಸಣಿಗೆಯಂತೆ ಮುದುಡುತ್ತದೆ. 2,4-ಡಿಗೆ ಬಳಸಿದ ಕ್ಯಾನನ್ನು ಎಷ್ಟು ತೊಳೆದರೂ ನಂಬಬೇಡಿ. ಸುಗಂಧರಾಜಕ್ಕೆ ಬೇರೆ ಕ್ಯಾನು ಇಡಿ, ಮೇಲೆ ಬಣ್ಣದಲ್ಲಿ ಗುರುತು ಹಾಕಿ.