ಸಂಡೂರಿನ ಎಲೆಯುದುರುವ ಮರಗಳನ್ನು ವರ್ಷವಿಡೀ ಗಮನಿಸುವ ಬಗೆ

ಬಳ್ಳಾರಿ ಜಿಲ್ಲೆಯ ಸಂಡೂರಿನ ಗುಡ್ಡಗಳಲ್ಲಿ ಮರಗಳು ಎಲೆ ಉದುರಿಸುವುದು ಚಳಿಗೆ ಹೆದರಿ ಅಲ್ಲ, ನೀರಿನ ಕೊರತೆಗಾಗಿ. ಹಿಂಗಾರು ಮುಗಿದು ಮಣ್ಣಿನ ತೇವ ಇಳಿಯುತ್ತ ಬಂದಂತೆ ಮರವು ಎಲೆಯಲ್ಲಿರುವ ಸಾರಜನಕ, ರಂಜಕಗಳ ಒಂದು ಪಾಲನ್ನು ಒಳಗೆ ಎಳೆದುಕೊಂಡು, ತೊಟ್ಟಿನ ಬುಡದಲ್ಲಿ ತೆಳುವಾದ ಪದರವೊಂದನ್ನು ಬೆಳೆಸಿ ಎಲೆಯನ್ನು ಕಳಚುತ್ತದೆ. ಆದ್ದರಿಂದ ಒಂದೇ ಜಾತಿಯ ಎರಡು ಮರಗಳನ್ನು ಆರಿಸಿಕೊಳ್ಳಿ: ಒಂದು ಕಲ್ಲುನೆಲದ ಇಳಿಜಾರಿನಲ್ಲಿರಲಿ, ಇನ್ನೊಂದು ಹಳ್ಳದ ದಂಡೆಯಲ್ಲಿ. ಹತ್ತು ಜಾತಿಗಳ ಪಟ್ಟಿಗಿಂತ ಈ ಜೋಡಿಯೇ ಹೆಚ್ಚು ಕಲಿಸುತ್ತದೆಂಬುದು ನನ್ನ ಅಭಿಪ್ರಾಯ.

ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಹೋಗಿ, ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು, ಎಲೆ ಪೂರ್ತಿ ಇದೆಯೋ, ಅರ್ಧವೋ, ಕಾಲುಭಾಗವೋ ಎಂದು ಅಂದಾಜಿಸಿ ಬರೆದುಕೊಳ್ಳಿ. ಚಿಗುರು, ಮೊಗ್ಗು, ಹೂ, ಕಾಯಿಗಳಿಗೆ ಬೇರೆ ಬೇರೆ ಕಲಂ ಇರಲಿ.

ಮೊದಲಿಗೆ ಮುತ್ತುಗವೇ ಸೂಕ್ತ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಅದು ಬರಿಗೊಂಬೆಯ ಮೇಲೆ ಕೇಸರಿ ಹೂ ಬಿಡುವುದರಿಂದ, ಮಕರಂದಕ್ಕೆ ಬರುವ ಹಕ್ಕಿಗಳನ್ನೂ ಎಲೆಯ ಅಡ್ಡಿಯಿಲ್ಲದೆ ನೋಡಬಹುದು. ತೇಗ ಇದಕ್ಕೆ ವಿರುದ್ಧ. ಅದರ ಬಿಳಿ ಹೂಗೊಂಚಲು ಕಾಣುವುದು ಮಳೆ ಬಿದ್ದ ಮೇಲೆ. ಹೊಂಗೆ ಯುಗಾದಿಯ ಹೊತ್ತಿಗೆ ಎಲೆ ಬದಲಿಸುತ್ತದೆ, ಹೆಚ್ಚು ಕಾಲ ಬೋಳಾಗಿರುವುದಿಲ್ಲ.

ಅತ್ಯಂತ ಎಚ್ಚರದಿಂದ ಬರೆಯಬೇಕಾದದ್ದು ಬೇಸಿಗೆಯ ಚಿಗುರನ್ನು. ಎಲೆ ಕಳಚಿದ ಮೇಲೆ ನೀರು ಆವಿಯಾಗುವುದು ಬಹುಮಟ್ಟಿಗೆ ನಿಲ್ಲುತ್ತದೆ. ಆಳದ ಬೇರುಗಳು ತಂದ ನೀರು ಕಾಂಡದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಅದರ ಬಲದಿಂದಲೇ ಎಷ್ಟೋ ಮರಗಳು ರೋಹಿಣಿ ಮಳೆಗೂ ಮೊದಲೇ ಚಿಗುರುತ್ತವೆ. ಹಾಗಾಗಿ ಮೊದಲ ಹದ ಮಳೆಯ ತಾರೀಖನ್ನು ಚಿಗುರಿನ ತಾರೀಖಿನ ಪಕ್ಕದಲ್ಲೇ ಬರೆಯಿರಿ. ಕೆಂಪು ಚಿಗುರನ್ನು ಒಣಗಿದ ಎಲೆಯೆಂದು ಎಣಿಸಬಾರದು. ಎಳೆಯ ಎಲೆಯನ್ನು ಉರಿಬಿಸಿಲಿನಿಂದ ಕಾಯಲು ಆ ಬಣ್ಣ ನೆರವಾಗುತ್ತದೆ. ಕೊಂಬೆ ಸತ್ತಿದೆಯೇ ಎಂಬ ಸಂಶಯವಿದ್ದರೆ ಸಣ್ಣ ಕಡ್ಡಿಯೊಂದರ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ.

ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಬೇಕು. ಈ ಭಾಗದಲ್ಲಿ ಕರಡಿಗಳಿರುವುದರಿಂದ ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಒಂಟಿಯಾಗಿ ತಿರುಗಬಾರದು. ತರಗೆಲೆ ಬಿದ್ದ ಕಾಲದಲ್ಲಿ ಬೀಡಿಯ ಕಿಡಿಯೂ ಅಪಾಯವೇ.

ಮುಂಗಾರಿನಲ್ಲಿ ತಿಂಗಳಿಗೊಮ್ಮೆ ನೋಡಿದರೂ ಸಾಕು. ಅಕ್ಟೋಬರಿನ ಮಳೆ ಚೆನ್ನಾಗಿ ಬಂದ ವರ್ಷ ಇಳಿಜಾರಿನ ಮರವೂ ಹಳ್ಳದ ಮರದಂತೆ ತಡವಾಗಿ ಎಲೆ ಉದುರಿಸುತ್ತದೆಯೇ ಎಂಬುದನ್ನು ಹಿಂದಿನ ವರ್ಷದ ಪುಟದೊಂದಿಗೆ ಹೋಲಿಸಿ ನೋಡಿ.