ವಾಲ್ವ್ ಆಂಪ್ಲಿಫೈಯರ್ ಆನ್ ಮಾಡುವ ಮುಂಚೆ

ಮೊದಲು ಸ್ಪೀಕರ್, ಆಮೇಲೆ ಕರೆಂಟ್. ವಾಲ್ವ್ ಆಂಪ್ (ಗಾಜಿನ ಟ್ಯೂಬ್‌ಗಳಿಂದ ಸದ್ದಿನ ಸಿಗ್ನಲ್ ದೊಡ್ಡದು ಮಾಡುವ ಆಂಪ್ಲಿಫೈಯರ್) ವಿಷಯದಲ್ಲಿ ಈ ಕ್ರಮ ಯಾವತ್ತೂ ತಪ್ಪಬಾರದು. ಟ್ರಾನ್ಸಿಸ್ಟರ್ ಆಂಪ್ ಬಳಸಿ ಅಭ್ಯಾಸ ಆದವರಿಗೆ ಇದು ವಿಚಿತ್ರ ಅನಿಸಬಹುದು, ಯಾಕಂದ್ರೆ ಅದು ಸ್ಪೀಕರ್ ಇಲ್ಲದೆ ಓಡಿದರೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಸ್ಪೀಕರ್ ವೈರ್‌ಗಳು ಒಂದಕ್ಕೊಂದು ತಾಗಿದರೇ ಅದಕ್ಕೆ ಅಪಾಯ. ವಾಲ್ವ್ ಆಂಪ್‌ನಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಲೋಡ್, ಅಂದ್ರೆ ಸ್ಪೀಕರ್, ಇಲ್ಲದೆ ಸಿಗ್ನಲ್ ಕೊಟ್ಟರೆ ಅದರ ಪ್ರೈಮರಿಯಲ್ಲಿ (ವಾಲ್ವ್ ಕಡೆಯ ಸುರುಳಿಯಲ್ಲಿ) ವೋಲ್ಟೇಜ್ ವಿಪರೀತ ಏರಿ ಒಳಗಿನ ಇನ್ಸುಲೇಶನ್ ಸುಟ್ಟುಹೋಗಬಹುದು, ವಾಲ್ವ್ ಸಾಕೆಟ್‌ನಲ್ಲೇ ಕಿಡಿ ಹಾರಬಹುದು. ಆಂಪ್‌ನ ದುಬಾರಿ ಭಾಗಗಳಲ್ಲಿ ಈ ಟ್ರಾನ್ಸ್‌ಫಾರ್ಮರೂ ಒಂದು. ಹಾಗಾಗಿ ಸ್ಪೀಕರ್ ವೈರ್ ಬಿಗಿಯಾಗಿದೆಯಾ ಅಂತ ಸ್ವಲ್ಪ ಎಳೆದೇ ನೋಡಿ. ಆಂಪ್ ಆನ್ ಇದ್ದಾಗ ಸ್ಪೀಕರ್ ಬದಲಾಯಿಸಲೇಬೇಡಿ.

ಹಿಂದುಗಡೆ 4, 8, ಕೆಲವದರಲ್ಲಿ 16 ಓಮ್ ಅಂತ ಬೇರೆ ಬೇರೆ ಟರ್ಮಿನಲ್ ಇರುತ್ತವೆ. ಸ್ಪೀಕರ್ ಹಿಂದೆ ಬರೆದಿರುವ ಓಮ್ ನೋಡಿ ಅದಕ್ಕೆ ಹೊಂದುವುದಕ್ಕೆ ಜೋಡಿಸಿ.

ಇನ್ನು ಜಾಗ. ಈ ಆಂಪ್‌ಗಳು ಭಾರ, ಅದರಲ್ಲೂ ಟ್ರಾನ್ಸ್‌ಫಾರ್ಮರ್ ಇರುವ ಕಡೆಗೆ ತೂಕ ಜಾಸ್ತಿ, ಎತ್ತುವಾಗ ಆ ಕಡೆಗೇ ವಾಲುತ್ತದೆ. ಇಬ್ಬರು ಹಿಡಿದರೆ ಒಳ್ಳೆಯದು. ಪವರ್ ವಾಲ್ವ್‌ನ (ಸ್ಪೀಕರ್ ಓಡಿಸುವ ದೊಡ್ಡ ವಾಲ್ವ್‌ನ) ಗಾಜು 200 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿಯಾಗಬಹುದು, ಮುಟ್ಟಿದರೆ ಬೊಬ್ಬೆ ಗ್ಯಾರಂಟಿ. ಮುಚ್ಚಿದ ಕಪಾಟಿನೊಳಗೆ ಬೇಡ, ಕರ್ಟನ್ ಪಕ್ಕ ಬೇಡ, ಮೇಲೆ ಸಿಡಿ ಪ್ಲೇಯರ್ ಇಡುವುದಂತೂ ಬೇಡವೇ ಬೇಡ. ಮೇಲ್ಗಡೆ ಪೂರ್ತಿ ಖಾಲಿ ಬಿಡಿ. ಮನೆಯಲ್ಲಿ ಚಿಕ್ಕ ಮಕ್ಕಳು, ಬೆಕ್ಕು ನಾಯಿ ಇದ್ದರೆ ವಾಲ್ವ್ ಮೇಲಿನ ಜಾಲರಿ ತೆಗೆಯಬೇಡಿ. ಜಾಲರಿ ಇಲ್ಲದಿದ್ದರೆ ನೋಡಲು ಚೆಂದ ನಿಜ, ಆದರೆ ಅದನ್ನು ಹಾಕಿರುವುದು ಸುಮ್ನೆ ಅಲ್ಲ.

ಪ್ಲಗ್ ಹಾಕುವ ಮುಂಚೆ ಆಂಪ್ ಎಷ್ಟು ವೋಲ್ಟ್‌ನದು ಅಂತ ಹಿಂದಿನ ಪಟ್ಟಿಯಲ್ಲಿ ಓದಿ. ಕೆಲವು 100 ವೋಲ್ಟ್‌ನವು, ಕೆಲವು 120, ಕೆಲವು 230. 120 ವೋಲ್ಟ್‌ನದನ್ನು 230ಕ್ಕೆ ಹಾಕಿದರೆ ಫ್ಯೂಸ್ ಹೋದರೆ ಅದೃಷ್ಟ. ಫ್ಯೂಸ್ ಬದಲಾಯಿಸಬೇಕಾದರೆ ಅದೇ ಆಂಪಿಯರ್, ಅದೇ ಬಗೆಯದೇ ಹಾಕಿ. ಇನ್ನೊಂದು ಮಾತು: ಸ್ಪೀಕರ್‌ನಲ್ಲಿ ಗುಂಯ್ ಅನ್ನುತ್ತದೆ ಅಂತ ಅರ್ಥ್ ಪಿನ್ ಕಿತ್ತುಹಾಕುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಏನಾದರೂ ಕೆಟ್ಟು ಚಾಸಿಗೆ (ಆಂಪ್‌ನ ಲೋಹದ ಪೆಟ್ಟಿಗೆಗೆ) ಕರೆಂಟ್ ಬಂದರೆ ನಿಮ್ಮನ್ನು ಕಾಪಾಡುವುದು ಅದೇ ಅರ್ಥ್. ಅದರ ಬದಲು ಎಲ್ಲ ಉಪಕರಣಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ ನೋಡಿ, ಟರ್ನ್‌ಟೇಬಲನ್ನು ಟ್ರಾನ್ಸ್‌ಫಾರ್ಮರ್‌ನಿಂದ ದೂರ ಸರಿಸಿ, ಸಿಗ್ನಲ್ ಕೇಬಲ್‌ಗಳನ್ನು ಪವರ್ ವೈರ್ ಪಕ್ಕದಿಂದ ತೆಗೆಯಿರಿ. ಎಷ್ಟೋ ಸಲ ಇಷ್ಟಕ್ಕೇ ಸದ್ದು ಕಡಿಮೆಯಾಗುತ್ತದೆ.

ವಾಲ್ವ್ ಕೂರಿಸುವುದು ಪ್ಲಗ್ ತೆಗೆದಿರುವಾಗ ಮಾತ್ರ. ಇಎಲ್34, ಕೆಟಿ88 ಥರದ ಪವರ್ ವಾಲ್ವ್‌ಗಳ ತಳದ ಮಧ್ಯೆ ಒಂದು ಕಡ್ಡಿ, ಅದರ ಮೇಲೊಂದು ಉಬ್ಬು ಇರುತ್ತದೆ, ಅದು ಸಾಕೆಟ್‌ನ ಕಚ್ಚಿಗೆ ಸರಿಯಾಗಿ ಕೂರಬೇಕು. ಗಾಜು ಹಿಡಿದು ತಿರುಚಬೇಡಿ, ತಳ ಹಿಡಿದು ನೇರ ಒತ್ತಿ. ಇಸಿಸಿ83ನಂಥ ಚಿಕ್ಕವಕ್ಕೆ 9 ಪಿನ್, ಒಂದು ಕಡೆ ಅಂತರ ಜಾಸ್ತಿ. ಪಿನ್ ಬಗ್ಗಿದ್ದರೆ ಮೆಲ್ಲಗೆ ನೇರ ಮಾಡಿಕೊಂಡು ಹಾಕಿ. ಒಳಗಿನ ಬೆಳ್ಳಿ ಬಣ್ಣದ ಲೇಪ ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ, ಆ ವಾಲ್ವ್ ಮುಗಿಯಿತು.

ಚಾಸಿಯ ತಳ ಮಾತ್ರ ತೆಗೆಯಬೇಡಿ. ಒಳಗೆ ಸಾಮಾನ್ಯವಾಗಿ 300ರಿಂದ 500 ವೋಲ್ಟ್ ಡಿಸಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ಗಳಲ್ಲಿ (ವಿದ್ಯುತ್ ಕೂಡಿಟ್ಟುಕೊಳ್ಳುವ ಭಾಗಗಳಲ್ಲಿ) ಅದು ಉಳಿದಿರಬಹುದು. ಜೀವಕ್ಕೇ ಅಪಾಯ. ದಶಕಗಳಷ್ಟು ಹಳೆಯ ಆಂಪ್ ಆದರೆ ಹಾಗೇ ಆನ್ ಮಾಡದೆ, ಗೊತ್ತಿರುವ ಟೆಕ್ನಿಷಿಯನ್ ಹತ್ತಿರ ಕೆಪಾಸಿಟರ್ ಪರೀಕ್ಷೆ ಮಾಡಿಸಿ.

ಈಗ ಬಯಾಸ್, ಅಂದ್ರೆ ಹಾಡು ಇಲ್ಲದಾಗ ಪವರ್ ವಾಲ್ವ್‌ನಲ್ಲಿ ಹರಿಯುವ ಕರೆಂಟನ್ನು ಹೊಂದಿಸುವುದು. ಸೆಲ್ಫ್ ಬಯಾಸ್ (ಆಂಪ್ ತಾನೇ ಹೊಂದಿಸಿಕೊಳ್ಳುವುದು) ಆದರೆ ನಿಮಗೆ ಕೆಲಸವಿಲ್ಲ. ಫಿಕ್ಸೆಡ್ ಬಯಾಸ್ (ಕೈಯಿಂದ ಹೊಂದಿಸಬೇಕಾದದ್ದು) ಆಗಿದ್ದು, ಹೊರಗಡೆಯೇ ಟೆಸ್ಟ್ ಪಾಯಿಂಟ್ (ಮೀಟರ್ ತಾಗಿಸುವ ಜಾಗ) ಇದ್ದರೆ ನೀವೇ ಮಾಡಬಹುದು. ಹಾಡು ಹಾಕದೆ 20, 30 ನಿಮಿಷ ಬಿಸಿಯಾಗಲು ಬಿಡಿ. ಮಲ್ಟಿಮೀಟರನ್ನು ಡಿಸಿ ಮಿಲಿವೋಲ್ಟ್‌ಗೆ ಇಡಿ. ವಾಲ್ವ್‌ನ ಕ್ಯಾಥೋಡ್‌ನಲ್ಲಿ (ಎಲೆಕ್ಟ್ರಾನ್ ಹೊರಡುವ ಭಾಗದಲ್ಲಿ) 1 ಓಮ್ ರೆಸಿಸ್ಟರ್ ಇದ್ದರೆ 40 ಮಿಲಿವೋಲ್ಟ್ ಅಂದ್ರೆ 40 ಮಿಲಿಆಂಪ್, 10 ಓಮ್ ಇದ್ದರೆ ಅದೇ ಕರೆಂಟ್‌ಗೆ 400 ಮಿಲಿವೋಲ್ಟ್ ತೋರಿಸುತ್ತದೆ. ಪ್ಲೇಟ್‌ಗೆ (ವಾಲ್ವ್ ಒಳಗಿನ ಲೋಹದ ತಗಡಿಗೆ) 400 ವೋಲ್ಟ್ ಇದ್ದು 40 ಮಿಲಿಆಂಪ್ ಹರಿದರೆ ಸುಮಾರು 16 ವಾಟ್, ಇಎಲ್34ರ ಪ್ಲೇಟ್ ಮಿತಿ 25 ವಾಟ್, ಹಾಗಾಗಿ ಆರಾಮಾಗಿದೆ. ಆದರೆ ನಿಮ್ಮ ಆಂಪ್‌ಗೆ ಎಷ್ಟು ಅಂತ ಮ್ಯಾನುಯಲ್ ಹೇಳುವುದೇ ಅಂತಿಮ. ಪ್ಲಾಸ್ಟಿಕ್ ಸ್ಕ್ರೂಡ್ರೈವರ್‌ನಲ್ಲಿ ಬಯಾಸ್ ಸ್ಕ್ರೂವನ್ನು ತುಸು ತುಸುವೇ ತಿರುಗಿಸಿ, ಅಂಕಿ ನಿಲ್ಲುವವರೆಗೆ ಕಾಯಿರಿ. ಒಂದು ವಾಲ್ವ್ ಸರಿ ಮಾಡಿದರೆ ಪಕ್ಕದ್ದು ಸ್ವಲ್ಪ ಬದಲಾಗುತ್ತದೆ, ಅದಕ್ಕೇ ಎಲ್ಲ ಮುಗಿದ ಮೇಲೆ ಇನ್ನೊಂದು ಸುತ್ತು ನೋಡಬೇಕು.

ಹೊಸ ವಾಲ್ವ್ ಹಾಕಿದ ಮೊದಲ ಸಲ ಕೋಣೆಯ ಲೈಟ್ ಮಂದ ಮಾಡಿ ಪಕ್ಕದಲ್ಲೇ ಕೂತಿರಿ. ಮಧ್ಯದಲ್ಲಿ ಕಿತ್ತಳೆ ಬೆಳಕು ಇರಬೇಕಾದದ್ದೇ. ಗಾಜಿನ ಒಳಮೈಯಲ್ಲಿ ಮಸುಕು ನೀಲಿ ಕಂಡರೂ ಹೆದರಬೇಡಿ. ಆದರೆ ಬೂದು ಬಣ್ಣದ ಪ್ಲೇಟೇ ಕೆಂಪಗಾಗತೊಡಗಿದರೆ ಯೋಚನೆ ಮಾಡುತ್ತಾ ನಿಲ್ಲಬೇಡಿ, ತಕ್ಷಣ ಆಫ್ ಮಾಡಿ. ಬಯಾಸ್ ತಪ್ಪಿದೆ ಅಥವಾ ವಾಲ್ವ್ ಕೆಟ್ಟಿದೆ, ಕಾರಣ ಸಿಗುವವರೆಗೆ ಮತ್ತೆ ಆನ್ ಬೇಡ. ವಾಲ್ವ್ ತೆಗೆಯಬೇಕು ಅಂದ್ರೆ ಪ್ಲಗ್ ಕಿತ್ತು, ಗಾಜು ಪೂರ್ತಿ ತಣ್ಣಗಾದ ಮೇಲೆ ಕೈ ಹಾಕಿ.