‘ಎಸ್’ ಕಾರ್ಡು ಒಂದೇ ಇರಲಿ

‘ಡಸ್ ಅಜ್ಜಿ ಪಿಕ್ಸ್ ಕಾಫಿ?’ ಏಳನೇ ತರಗತಿಗೆ ಬಂದ ಮಕ್ಕಳೂ ಇಂಗ್ಲಿಷಿನಲ್ಲಿ ಹೀಗೆ ತಪ್ಪಾಗಿ ಕೇಳುತ್ತಾರೆ. ಒಬ್ಬರ ಬಗ್ಗೆ ಹೇಳುವಾಗ ‘ಪಿಕ್’ಗೆ ಹತ್ತುವ ‘ಎಸ್’ ಬಾಲ, ಪ್ರಶ್ನೆಯಲ್ಲಿ ‘ಡು’ಗೆ ಹೋಗಿ ‘ಡಸ್’ ಆಗುತ್ತದೆ; ‘ಪಿಕ್’ ಬರಿದಾಗಿ ಉಳಿಯಬೇಕು. ನಿಯಮ ಬಾಯಿಪಾಠ ಮಾಡಿಸಿದರೆ ಪರೀಕ್ಷೆವರೆಗೆ ನಿಂತೀತು, ಅಷ್ಟೆ. ಕಾರ್ಡು ಜೋಡಿಸಲು ಕೊಟ್ಟರೆ ತಪ್ಪು ಕಣ್ಣಿಗೇ ಕಾಣುತ್ತದೆ.

ಹಳೆಯ ಮದುವೆ ಕಾರ್ಡುಗಳನ್ನು ಐದು ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ. ಡ್ರಾಯಿಂಗ್ ಶೀಟ್ ಬೇಡ, ಕೊಡಗಿನ ಮಳೆಗಾಲದಲ್ಲಿ ಥಂಡಿ ಹೀರಿ ಸುರುಟಿಕೊಳ್ಳುತ್ತದೆ. ಸ್ಕೆಚ್ ಪೆನ್ನೂ ಬೇಡ, ಒದ್ದೆ ಬೆರಳು ತಾಗಿದರೆ ಶಾಯಿ ಹರಡುತ್ತದೆ. ಪರ್ಮನೆಂಟ್ ಮಾರ್ಕರ್ ಬಳಸಿ. ಅಂಗಡಿಯ ಫ್ಲ್ಯಾಶ್ ಕಾರ್ಡಿಗೆ ದುಡ್ಡು ಸುರಿಯಬೇಡಿ. ಹಣ್ಣು, ಪ್ರಾಣಿಗಳ ಹೆಸರು ಬಿಟ್ಟರೆ ಹೆಚ್ಚಿನವುಗಳಲ್ಲಿ ಕ್ರಿಯಾಪದವೇ ಇರುವುದಿಲ್ಲ.

ನಾಲ್ಕು ಮಕ್ಕಳ ಗುಂಪಿಗೊಂದು ಸೆಟ್. ಅಜ್ಜಿ, ಹಿ, ದೇ. ಪಿಕ್, ಸೆಲ್, ಕುಕ್. ಕಾಫಿ, ಪೆಪ್ಪರ್, ರೈಸ್. ಡು, ನಾಟ್, ಪ್ರಶ್ನಾರ್ಥಕ ಚಿಹ್ನೆ. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಕೊನೆಯದೊಂದು ಕೆಂಪು ಕಾರ್ಡು: ಒಂದು ಮಗ್ಗುಲಲ್ಲಿ ‘ಎಸ್’, ಇನ್ನೊಂದರಲ್ಲಿ ‘ಇಎಸ್’.

ಆಟ ಕೆಡುವುದು ಈ ಕೆಂಪು ಕಾರ್ಡಿನಲ್ಲೇ. ಮೊದಲು ಅಜ್ಜಿ–ಪಿಕ್–ಎಸ್–ಕಾಫಿ ಎಂದು ಜೋಡಿಸಲಿ. ಅಜ್ಜಿಯನ್ನು ನಾವು ‘ಅವರು’ ಎನ್ನುವುದರಿಂದ ಕೆಲವರು ಎಸ್ ಬಿಡುತ್ತಾರೆ. ಗೌರವ ಎಷ್ಟೇ ಇರಲಿ, ಇಂಗ್ಲಿಷಿಗೆ ಅಜ್ಜಿ ಒಬ್ಬರೇ. ಈಗ ಪ್ರಶ್ನೆ. ‘ಡು’ ಮುಂದೆ ಬರುತ್ತದೆ, ಅದಕ್ಕೆ ಬಾಲ ಬೇಕು. ಮಗುವೇ ಕೆಂಪು ಕಾರ್ಡನ್ನು ‘ಪಿಕ್’ ಪಕ್ಕದಿಂದ ಎತ್ತಿ, ತಿರುಗಿಸಿ, ‘ಡು’ ಪಕ್ಕ ಇಡಬೇಕು. ನೀವು ಕೈ ಹಾಕಬೇಡಿ. ‘ಇನ್ನೊಂದು ಎಸ್ ಕೊಡಿ ಮಿಸ್’ ಎಂದು ಕೇಳಿಯೇ ಕೇಳುತ್ತಾರೆ. ಕೊಡಬೇಡಿ, ಪಕ್ಕದ ಗುಂಪಿನಿಂದ ಸಾಲ ತರಲೂ ಬಿಡಬೇಡಿ. ‘ಪಿಕ್’ ಬರಿದಾಗಿ ಉಳಿದದ್ದನ್ನು ನೋಡಿದ ಮೇಲೆಯೇ ಗಟ್ಟಿಯಾಗಿ ಓದಲಿ. ಓದುವಾಗ ‘ಡೂಸ್’ ಅಲ್ಲ, ‘ಡಸ್’ ಎಂದು ಮೊದಲೇ ಹೇಳಿಬಿಡಿ. ಕೆಲಸ ಉಳಿಸಲು ‘ಡಸ್’, ‘ಪಿಕ್ಸ್’ ಎಂದು ಇಡಿಯಾಗಿ ಬರೆದಿಟ್ಟರೆ ಸರಿಸಲು ಏನೂ ಉಳಿಯುವುದಿಲ್ಲ, ಹಳೇ ತಪ್ಪೇ ಮರಳುತ್ತದೆ.

‘ನಾಟ್’ ಬಂದಾಗಲೂ ಇದೇ ಕ್ರಮ. ‘ದೇ’ ಬಂದರೆ ಕೆಂಪು ಕಾರ್ಡು ಡಬ್ಬಿಗೆ.

ಕಣದ ಕಾಫಿ ನೆನಪಾಗಿ ‘ಡ್ರೈ’ ಸೇರಿಸುವ ಆಸೆಯಾಗುತ್ತದೆ. ಮೊದಲ ವಾರ ಬೇಡ: ಅಲ್ಲಿ ‘ವೈ’ ಹೋಗಿ ‘ಐಇಎಸ್’ ಬರುತ್ತದೆ. ‘ಕ್ಯಾರಿ’, ‘ಹ್ಯಾವ್’ ಕೂಡ ಆಮೇಲೆ.

ತಪ್ಪಿಲ್ಲದೆ ಜೋಡಿಸತೊಡಗಿದ ಮೇಲೆ ಕಾರ್ಡು ಮುಚ್ಚಿಟ್ಟು, ಮನೆಯವರ ಕೆಲಸದ ಬಗ್ಗೆ ಮಕ್ಕಳೇ ಒಬ್ಬರನ್ನೊಬ್ಬರು ಕೇಳಲಿ. ಯಾರಾದರೂ ಎಡವಿದರೆ ತಿದ್ದಲು ಹೋಗದೆ ಕೆಂಪು ಕಾರ್ಡನ್ನು ಎತ್ತಿ ತೋರಿಸಿ.